ಮಳೆ ಹಿಂದೆ ಸರಿಯುವ ಹೊತ್ತಿನ ಕೊಡಗು: ಕಾಡು, ತೋಟ, ಗದ್ದೆ ನೋಡಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ಹಬ್ಬ ಮುಗಿದ ಮೇಲೆ, ಕಾವೇರಿ ಸಂಕ್ರಮಣಕ್ಕೆ ಮುಂಚೆ. ಅಂದರೆ ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ 17ರ ಆಸುಪಾಸಿನವರೆಗೆ. ಕೊಡಗಿನ ಪ್ರಕೃತಿಯನ್ನು ಹತ್ತಿರದಿಂದ ನೋಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಬಹಳ ಜನ ಈ ಸಮಯದಲ್ಲಿ ಬರುವುದು ಹುಲಿ, ಜಲಪಾತ, ಮಂಜು ಈ ಮೂರನ್ನು ಹುಡುಕಿಕೊಂಡು. ಈ ಕಾಲದ ನಿಜವಾದ ಸಂಪತ್ತು ಬೇಲಿ ಸಾಲಿನಲ್ಲಿ, ಗದ್ದೆ ಬದುವಿನಲ್ಲಿ, ತೋಡಿನ, ಅಂದರೆ ಸಣ್ಣ ಹಳ್ಳದ, ಕಲ್ಲಿನ ಮೇಲೆ ಇರುತ್ತದೆ. ಬರುವವರು ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಸೆಪ್ಟೆಂಬರ್‌ನಲ್ಲಿ ಬಂದರೆ ಮಳೆ ನಿಂತಿರುತ್ತದೆಯೇ?

ನಿಂತಿರುವುದಿಲ್ಲ, ಬಿಡುವು ಕೊಡುತ್ತದೆ. ಹುಬ್ಬೆ, ಉತ್ತರೆ ಮಳೆಗಳು ಆಷಾಢದ ಮಳೆಯ ಹಾಗೆ ದಿನಗಟ್ಟಲೆ ಒಂದೇ ಸಮ ಸುರಿಯುವುದು ಕಡಿಮೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ, ಸಂಜೆಗೆ ಒಂದು ಜೋರು ಮಳೆ. ಮುಂಗಾರು ಕರ್ನಾಟಕದಿಂದ ಪೂರ್ತಿ ಹಿಂದೆ ಸರಿಯುವುದು ಅಕ್ಟೋಬರ್ ಮಧ್ಯದ ಹೊತ್ತಿಗೆ. ಆಮೇಲೂ ಹಿಂಗಾರಿನ ಗುಡುಗು ಮಳೆ ಉಂಟು. ಬೆಳಗಿನ 7ರಿಂದ 11 ಗಂಟೆಯೊಳಗೆ ನೋಡಬೇಕಾದ್ದನ್ನು ನೋಡಿ ಮುಗಿಸುವ ಲೆಕ್ಕ ಹಾಕಿಕೊಳ್ಳಿ.

ಕೊಡಗಿನಲ್ಲಿ ಯಾವ ಕಡೆ ಹೋದರೆ ಒಳ್ಳೆಯದು?

ನಕ್ಷೆಯಲ್ಲಿ ಕೊಡಗು ಚಿಕ್ಕದು, ಆದರೆ ಪಶ್ಚಿಮದಿಂದ ಪೂರ್ವಕ್ಕೆ ಬರುವಷ್ಟರಲ್ಲಿ ಕಾಡಿನ ಜಾತಿಯೇ ಬದಲಾಗುತ್ತದೆ. ಭಾಗಮಂಡಲ, ತಲಕಾವೇರಿ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ. ಅಲ್ಲಿರುವುದು ನಿತ್ಯಹರಿದ್ವರ್ಣ ಕಾಡು, ಕಣಿವೆ ಕಣಿವೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು, ಮೇಲೆ ಹುಲ್ಲುಬೆಟ್ಟ. ಕುಶಾಲನಗರ, ತಿತಿಮತಿ ಕಡೆ ಮಳೆ ಅದರ ಕಾಲುಭಾಗದ ಹತ್ತಿರ. ಅಲ್ಲಿ ತೇಗ, ಬಿದಿರು, ಮತ್ತಿ, ಹೊನ್ನೆಯ ಎಲೆ ಉದುರುವ ಕಾಡು. ನಡುವೆ ನೆರಳಿನ ಕಾಫಿ ತೋಟ ಮತ್ತು ಗದ್ದೆ.

ಕಾಯ್ದಿಟ್ಟ ಕಾಡುಗಳು ಎಂದರೆ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಎಂಬ 3 ವನ್ಯಜೀವಿಧಾಮಗಳು ಮತ್ತು ಮೈಸೂರು ಜಿಲ್ಲೆಯ ಜೊತೆ ಹಂಚಿಕೊಂಡಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಆ ಮೂರೂ ವನ್ಯಜೀವಿಧಾಮಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿವೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆ ಜೋರಾದಾಗ ದಾರಿಗಳನ್ನು ಮುಚ್ಚುತ್ತಾರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದದ್ದನ್ನು ಇಲ್ಲಿನವರು ಯಾರೂ ಮರೆತಿಲ್ಲ. ಮುಚ್ಚಿದ ದಾರಿಯಲ್ಲಿ ‘ಸ್ವಲ್ಪ ದೂರ ಹೋಗಿ ಬರುತ್ತೇವೆ’ ಎನ್ನುವವರನ್ನು ನಾನು ಬೇಡಿಕೊಳ್ಳುವುದು ಇಷ್ಟೇ: ಹೋಗಬೇಡಿ.

ಮೊದಲ ಸಲ ಬರುವವರಿಗೆ ನನ್ನ ಸಲಹೆ ಕಾಡಲ್ಲ, ಒಂದು ಒಳ್ಳೆಯ ನೆರಳಿನ ತೋಟ, ಅದಕ್ಕೆ ತಾಗಿದ ಗದ್ದೆ, ಆಚೆ ಒಂದು ತೋಡು. ಅಷ್ಟರಲ್ಲೇ ಎರಡು ದಿನಕ್ಕೆ ಸಾಕಾಗುವಷ್ಟು ಇರುತ್ತದೆ.

ನಾಗರಹೊಳೆಯಲ್ಲಿ ಹುಲಿ, ಆನೆ ಕಾಣುತ್ತವೆಯೇ?

ಕಾಣಬಹುದು, ಆದರೆ ಅದಕ್ಕೆ ಇದು ಕಾಲವಲ್ಲ. ಬೇಸಿಗೆಯಲ್ಲಿ ಕಾಡಿನೊಳಗಿನ ಕೆರೆಕಟ್ಟೆ ಬತ್ತಿದಾಗ ಪ್ರಾಣಿಗಳು ಕಬಿನಿ ಹಿನ್ನೀರಿನ ಕಡೆ ಕೂಡುತ್ತವೆ. ಈಗ ಎಲ್ಲ ಹೊಂಡದಲ್ಲೂ ನೀರು, ಎಲ್ಲ ಕಡೆ ಮೇವು, ಲಂಟಾನ ಆಳೆತ್ತರ. ಆನೆ ಹಿಂಡುಗಳು ಚದುರಿ ಕಾಡಿನೊಳಗಿರುತ್ತವೆ. ರಸ್ತೆ ಬದಿಯ ಎಳೆ ಹುಲ್ಲಿಗೆ ಜಿಂಕೆ, ಕಾಟಿ (ಕಾಡುಕೋಣ) ಬರುತ್ತವೆ. ಸಫಾರಿ ನಡೆಯುತ್ತಿದೆಯೇ ಎಂದು ಹೊರಡುವ ಮೊದಲೇ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಉದ್ಯಾನದೊಳಗಿನ ರಸ್ತೆ ರಾತ್ರಿ ಮುಚ್ಚಿರುತ್ತದೆ. ಹಗಲಲ್ಲಿ ಆ ದಾರಿಯಲ್ಲಿ ಬರುವುದಾದರೆ ನಿಧಾನ ಬನ್ನಿ, ಎಲ್ಲೂ ಇಳಿಯಬೇಡಿ.

ಹಾಗಾದರೆ ಈಗ ನೋಡುವುದಾದರೂ ಏನು?

ಮೊದಲು ಹೂವು. ರಸ್ತೆ ಕಡಿದ ದರೆಗಳಲ್ಲಿ, ನೀರು ಜಿನುಗುವ ಬಂಡೆಗಳಲ್ಲಿ ತಿಳಿಗುಲಾಬಿ, ನೇರಳೆ ಬಣ್ಣದ ಕರ್ಣಕುಂಡಲದ ಹೂಗಳು. ಪಶ್ಚಿಮಘಟ್ಟದಲ್ಲಿ ಇದರ ಹತ್ತಾರು ಜಾತಿಗಳಿವೆ, ಬಹುಪಾಲು ಮಳೆಗಾಲದ ಕೊನೆಗೇ ಅರಳುವಂಥವು. ಹೂ ಉದುರಿದ ಗಿಡದಲ್ಲಿ ಉಬ್ಬಿದ ಹಸಿರು ಕಾಯಿ ಹುಡುಕಿ, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಬಲಿತಿದ್ದರೆ ಕಾಯಿ 5 ಸೀಳಾಗಿ ಒಡೆದು, ಒಂದೊಂದು ಸೀಳೂ ಒಳಮುಖವಾಗಿ ಸುರುಳಿ ಸುತ್ತಿಕೊಂಡು, ಬೀಜ ನಿಮ್ಮ ಮುಖಕ್ಕೇ ಸಿಡಿಯುತ್ತದೆ. ಯಾವ ಗಾಳಿ, ಯಾವ ಹಕ್ಕಿಯ ಸಹಾಯವೂ ಇಲ್ಲದೆ ಗಿಡ ತನ್ನ ಸಂತಾನವನ್ನು ತಾನೇ ಎಸೆಯುವುದನ್ನು ಬೆರಳ ತುದಿಯಲ್ಲಿ ಅನುಭವಿಸಿದ ಮಕ್ಕಳು ಪುಸ್ತಕದ ಪಾಠ ಮರೆತರೂ ಇದನ್ನು ಮರೆಯುವುದಿಲ್ಲ.

ಅದೇ ಬಂಡೆಯ ತೇವದ ಪಾಚಿಯಲ್ಲಿ ಗುಬ್ಬಿ ಕಾಲಿನಷ್ಟು ಸಣ್ಣ ದಂಟಿನ ಮೇಲೆ ನೇರಳೆ ಹೂ ಬಿಟ್ಟಿದ್ದರೆ ಅದು ಯುಟ್ರಿಕ್ಯುಲೇರಿಯಾ ಇರಬಹುದು. ಕೀಟಾಹಾರಿ ಸಸ್ಯ. ನೀರೊಳಗಿನ ಅತಿ ಸಣ್ಣ ಜೀವಿಗಳನ್ನು ಹೀರಿಕೊಳ್ಳುವ ಚೀಲಗಳು ಅದರ ಬುಡದಲ್ಲಿರುತ್ತವೆ. ಕೀಳಬೇಡಿ, ಮೊಣಕಾಲೂರಿ ಕೂತು ನೋಡಿ.

ಬೇಲಿಗಳಲ್ಲಿ ಬೆಂಕಿಯ ನಾಲಗೆಯ ಹಾಗೆ ಕೆಂಪು-ಹಳದಿ ದಳಗಳನ್ನು ಮೇಲಕ್ಕೆತ್ತಿದ ಬಳ್ಳಿ ಕಂಡರೆ ಅದು ಅಗ್ನಿಶಿಖೆ, ಕೊಡವರ ತೋಕ್ ಪೂ. ಕೈಲ್‌ಪೊಳ್ದಿನಲ್ಲಿ ಕೋವಿಗೆ ಮುಡಿಸುವ ಹೂ ಇದೇ. ನಾಟಿ ಕೆಲಸ ಮುಗಿದು ಆಯುಧ ಪೂಜಿಸುವ ಹಬ್ಬಕ್ಕೆ ಸರಿಯಾಗಿ ಅರಳುತ್ತದೆ. ಗಿಡದ ಪ್ರತಿಯೊಂದು ಭಾಗವೂ ವಿಷ, ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ. ಕಾಲ್ಚಿಸಿನ್ ಎಂಬ ಔಷಧದ ದ್ರವ್ಯ ಇದರಲ್ಲಿದೆ. ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಇನ್ನು ಜೇಡ. ಈ ಕಾಲದಲ್ಲಿ ಎರಡು ಕಾಫಿ ಸಾಲುಗಳ ನಡುವೆ, ಆಳೆತ್ತರದಲ್ಲಿ, ಬಿಸಿಲು ಬಿದ್ದಾಗ ಹೊನ್ನಿನ ಬಣ್ಣಕ್ಕೆ ತಿರುಗುವ ಬಲೆ ಕಾಣುತ್ತದೆ. ನಡುವೆ ತಲೆಕೆಳಗಾಗಿ ಕೂತಿರುವ, ಕಾಲು ಚಾಚಿದರೆ ಅಂಗೈ ಅಗಲದ ಕಪ್ಪು-ಹಳದಿ ಜೇಡ ಹೆಣ್ಣು. ಅಲ್ಲೇ ನಿಂತು ಬಲೆಯ ಮೇಲ್ಭಾಗ ಹುಡುಕಿ. ಉಗುರಿನಷ್ಟೂ ಇಲ್ಲದ ಕೆಂಚು ಬಣ್ಣದ ಒಂದೆರಡು ಜೇಡ ಅಂಚಿನಲ್ಲಿ ಕಾದು ಕೂತಿರುತ್ತವೆ. ಮರಿಗಳಲ್ಲ, ಅವೇ ಗಂಡುಗಳು. ಹೆಣ್ಣು ಬೇಟೆ ತಿನ್ನುವುದರಲ್ಲಿ ಮುಳುಗಿರುವಾಗ ಹತ್ತಿರ ಹೋಗುವುದು ಅವುಗಳ ಕ್ರಮ. ಇದಕ್ಕೆ ಜೈಂಟ್ ವುಡ್ ಸ್ಪೈಡರ್ ಎನ್ನುತ್ತಾರೆ. ದಾರಿಗೆ ಅಡ್ಡ ಇದ್ದರೆ ಬಗ್ಗಿ ದಾಟಿ, ಬಲೆ ಹರಿಯಬೇಡಿ.

ಕುರಿಂಜಿ ಈ ವರ್ಷ ಅರಳಿದೆಯೇ?

ಪ್ರತಿ ಸೆಪ್ಟೆಂಬರ್‌ನಲ್ಲೂ ಬರುವ ಪ್ರಶ್ನೆ. ಕುರಿಂಜಿ ಒಂದೇ ಜಾತಿಯಲ್ಲ. ಪಶ್ಚಿಮಘಟ್ಟದಲ್ಲಿ ಇದರ ಬಂಧುಗಳು ಹಲವು, ಒಂದೊಂದಕ್ಕೂ ಅರಳುವ ಲೆಕ್ಕ ಬೇರೆ. ಕೆಲವು ಪ್ರತಿ ವರ್ಷ, ಕೆಲವು ಏಳೆಂಟು ವರ್ಷಕ್ಕೆ, ಹೆಸರುವಾಸಿಯಾದ ನೀಲಕುರಿಂಜಿ 12 ವರ್ಷಕ್ಕೆ. ಮಾಂದಲಪಟ್ಟಿ, ಕೋಟೆಬೆಟ್ಟದ ಇಳಿಜಾರುಗಳು 2021ರಲ್ಲಿ ನೀಲಿಯಾದದ್ದು ಸುದ್ದಿಯಾಗಿ, ಸಾವಿರಾರು ಜನ ಬಂದರು. ಸಾಮೂಹಿಕವಾಗಿ ಅರಳಿದ ಗಿಡ ಬೀಜ ಕಟ್ಟಿ ಸಾಯುತ್ತದೆ. ಮುಂದಿನ ಹೂವೆಲ್ಲ ಆ ಬೀಜದಿಂದಲೇ ಬರಬೇಕು. ಫೋಟೊಗಾಗಿ ಗಿಡಗಳ ನಡುವೆ ನುಗ್ಗುವುದು, ಗೊಂಚಲು ಮುರಿದು ತಲೆಗೆ ಮುಡಿಯುವುದು ಎಷ್ಟು ದೊಡ್ಡ ನಷ್ಟ ಎಂದು ಇದರಿಂದ ಯೋಚಿಸಿ.

ವಲಸೆ ಹಕ್ಕಿಗಳು ಬಂದಿರುತ್ತವೆಯೇ? ಯಾವುದು ಮೊದಲು?

ಮೊದಲು ಬರುವುದು ಬೂದು ಸಿಪಿಲೆ. ಬಾಲ ಕುಣಿಸುವ ಕಾರಣಕ್ಕೆ ಇದರ ಬಳಗವನ್ನೆಲ್ಲ ನಮ್ಮ ಕಡೆ ಕುಂಡೆಕುಸ್ಕ ಎನ್ನುತ್ತಾರೆ. ಹಿಮಾಲಯ ಮತ್ತು ಅದರಾಚೆ ಮರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ಇಲ್ಲಿನ ತೋಡಿನ ಕಲ್ಲುಗಳಿಗೆ, ಕಾಫಿ ಕಣಗಳಿಗೆ, ಮಳೆ ನೀರು ಹರಿಯುವ ಡಾಂಬರು ರಸ್ತೆಗೆ ಇಳಿಯುತ್ತದೆ. ಹೊಟ್ಟೆ ಹಳದಿ, ಬೆನ್ನು ಬೂದು, ಬಾಲ ಒಂದು ಕ್ಷಣವೂ ಸುಮ್ಮನಿರದು. ಅದರ ಹಿಂದೆಯೇ ತಂತಿ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳು, ಸಿಲ್ವರ್ ಓಕ್ ಮರದ ತುದಿಯಲ್ಲಿ ‘ಚಿಸ್ಲಿ’ ಎಂದು ಕೂಗುವ ಹಸಿರು ಉಲಿಯಕ್ಕಿಗಳು. ಉಲಿಯಕ್ಕಿಯನ್ನು ಕಣ್ಣಿಗಿಂತ ಕಿವಿಯಲ್ಲಿ ಹುಡುಕುವುದು ಸುಲಭ. ಅಕ್ಟೋಬರ್ ಆದಂತೆ ರಾಜಹಕ್ಕಿ ಮತ್ತು ನವರಂಗ.

ನವರಂಗದ ಬಗ್ಗೆ ಒಂದು ಮಾತು. ರಾತ್ರಿ ಹಾರಿ ಬರುವ ಈ ಹಕ್ಕಿ ದಣಿದು, ದೀಪಕ್ಕೆ ಕಣ್ಣು ಕತ್ತಲಿಟ್ಟು, ಮನೆ ಒಳಗೆ ಬಂದು ಬೀಳುವುದುಂಟು. ಬಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಜಾಗದಲ್ಲಿ ಕೆಲವು ಗಂಟೆ ಬಿಡಿ. ಬಾಯಿಗೆ ನೀರು ಹಾಕಬೇಡಿ, ಅನ್ನ ತುರುಕಬೇಡಿ. ಚೇತರಿಸಿಕೊಂಡರೆ ಪೊದೆಯ ಹತ್ತಿರ ಬಿಟ್ಟುಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಇಲ್ಲಿಯದೇ ಹಕ್ಕಿಗಳೂ ಈಗ ಬದಲಾಗುತ್ತಿರುತ್ತವೆ. ಮಳೆಗಾಲವಿಡೀ ತೋಡಿನ ಬದಿಯಲ್ಲಿ ಮನುಷ್ಯರ ಹಾಗೆ ಶಿಳ್ಳೆ ಹಾಕುತ್ತಿದ್ದ ಸಿಳ್ಳಾರ ಮೆಲ್ಲಗೆ ಮಾತು ಕಡಿಮೆ ಮಾಡುತ್ತದೆ. ಗಂಡು ನವಿಲು ಉದ್ದನೆಯ ಗರಿಗಳನ್ನು ಉದುರಿಸಿಕೊಂಡು ಬೋಳು ಬಾಲದಲ್ಲಿ ಓಡಾಡುತ್ತದೆ. ಅದಕ್ಕೆ ಕಾಯಿಲೆ ಎಂದು ಫೋನ್ ಮಾಡುವವರಿದ್ದಾರೆ. ಕಾಯಿಲೆಯಲ್ಲ, ವರ್ಷ ವರ್ಷದ ಗರಿ ಬದಲಾವಣೆ.

ಯಾವ ಚಿಟ್ಟೆಗಳು?

ಸಹ್ಯಾದ್ರಿ ಬರ್ಡ್‌ವಿಂಗ್ ನಮ್ಮ ರಾಜ್ಯದ ಚಿಟ್ಟೆ. ಕಪ್ಪು ಮುಂದಿನ ರೆಕ್ಕೆ, ಹೊಂಬಣ್ಣದ ಹಿಂದಿನ ರೆಕ್ಕೆ, ಹಾರುವಾಗ ಸಣ್ಣ ಹಕ್ಕಿಯೇ ಎನ್ನಿಸುತ್ತದೆ. ಮರಿಹುಳು ತಿನ್ನುವುದು ಈಶ್ವರಬಳ್ಳಿಯ ಬಳಗದ ಬಳ್ಳಿಗಳನ್ನು ಮಾತ್ರ. ತೋಟದ ಅಂಚಿನಲ್ಲಿ ಆ ಬಳ್ಳಿಯನ್ನು ‘ಕಾಡು’ ಎಂದು ಕಡಿದರೆ ಚಿಟ್ಟೆಯೂ ಹೋಯಿತು. ರಥಹೂವಿನ ಗಿಡ ಇರುವ ಮನೆ ಅಂಗಳಕ್ಕೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಂದು ಹೋಗುತ್ತದೆ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ತೋಡಿನ ಮರಳು, ಕೆಸರಿನ ಮೇಲೆ ಹತ್ತಾರು ಚಿಟ್ಟೆ ಒಟ್ಟಿಗೆ ಕೂತು ಉಪ್ಪಿನಂಶ ಹೀರುವುದನ್ನೂ ನೋಡಿ. ಬಹುಪಾಲು ಗಂಡುಗಳು.

ಅಕ್ಟೋಬರ್ ಕಡೆಗೆ ಬ್ಲೂ ಟೈಗರ್, ಕಾಮನ್ ಕ್ರೋ ಎಂಬ ಚಿಟ್ಟೆಗಳು ನೂರಾರು ಸಂಖ್ಯೆಯಲ್ಲಿ ಒಂದೇ ದಿಕ್ಕಿಗೆ ತೇಲುತ್ತ ಹೋದರೆ ಬೆರಗಾಗಬೇಡಿ. ಮುಂಗಾರಿಗೆ ಮುಂಚೆ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಹೋಗಿದ್ದವುಗಳ ಸಂತತಿ ಮತ್ತೆ ಘಟ್ಟಕ್ಕೆ ಮರಳುವ ಕಾಲ ಇದು. ಗಿಲಿಗಿಲಿ ಕಾಯಿಯ ಗಿಡಗಳಿಗೆ ಮುತ್ತಿಕೊಂಡು ರಸ ಹೀರುತ್ತವೆ. ಸಂಗಾತಿಯನ್ನು ಸೆಳೆಯುವ ವಾಸನೆಗೆ ಗಂಡುಗಳಿಗೆ ಆ ಗಿಡದ ದ್ರವ್ಯ ಬೇಕು.

ಗದ್ದೆ ಮೇಲೆ ಹೆಲಿಕಾಪ್ಟರ್ ಹುಳಗಳ ಹಿಂಡು ಯಾಕೆ?

ನನಗೆ ಬಹಳ ಪ್ರಿಯವಾದ ಪ್ರಶ್ನೆ. ಹಳದಿ-ಕಂದು ಬಣ್ಣದ ಆ ಹುಳದ ವೈಜ್ಞಾನಿಕ ಹೆಸರು ಪ್ಯಾಂಟಾಲ ಫ್ಲಾವೆಸೆನ್ಸ್. ಮಳೆಯ ನೀರು ನಿಂತಲ್ಲಿ ಮೊಟ್ಟೆಯಿಟ್ಟು, ಕೆಲವೇ ವಾರಗಳಲ್ಲಿ ಬೆಳೆದು ರೆಕ್ಕೆ ಪಡೆಯುತ್ತದೆ. ಸೆಪ್ಟೆಂಬರ್ ಸಂಜೆ ಬಿಸಿಲಿಗೆ ಗದ್ದೆ ಮೇಲೆ ತೇಲುತ್ತ ಸೊಳ್ಳೆ, ಸಣ್ಣ ನೊಣ ಹಿಡಿಯುವ ನೂರಾರು ಹುಳಗಳು ಇವೇ. ಅಕ್ಟೋಬರ್‌ನಲ್ಲಿ ಈ ಜಾತಿ ಮಾಲ್ಡೀವ್ಸ್‌ನಲ್ಲಿ ಲಕ್ಷಗಟ್ಟಲೆ ಇಳಿಯುತ್ತದೆ. ಆ ದ್ವೀಪಗಳಲ್ಲಿ ಅವು ಹುಟ್ಟಲು ಬೇಕಾದ ಸಿಹಿನೀರು ಇಲ್ಲದಷ್ಟು ಕಡಿಮೆ. ಅಲ್ಲಿ ನೆಲೆಸಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆ್ಯಂಡರ್ಸನ್ ವರ್ಷಗಟ್ಟಲೆ ಲೆಕ್ಕ ಇಟ್ಟು, ಇವು ಭಾರತದಿಂದ ಗಾಳಿಯ ಜೊತೆ ಹೊರಟು, ಹಿಂದೂ ಮಹಾಸಾಗರ ದಾಟಿ, ಪೂರ್ವ ಆಫ್ರಿಕಾ ತಲುಪುತ್ತವೆ ಎಂದು 2009ರಲ್ಲಿ ಪ್ರಕಟಿಸಿದರು. ಕೊಡಗಿನ ಪಶ್ಚಿಮದ ಅಂಚಿನಿಂದ ಅರಬ್ಬಿ ಸಮುದ್ರ ದೂರವೇನಲ್ಲ. ಬಾರಾಪೊಳೆಯ ನೀರು ಹೋಗಿ ಸೇರುವುದೂ ಅಲ್ಲಿಗೇ. ನಿಮ್ಮ ಮುಂದೆ ತೆನೆ ಕಟ್ಟುವ ಪೈರಿನ ಮೇಲೆ ತಿರುಗುವ ಹುಳದ ಬಳಗಕ್ಕೆ ಆ ಸಮುದ್ರ ಒಂದು ದಾರಿ.

ಗದ್ದೆಗೆ ಹೊಡೆಯುವ ಕೀಟನಾಶಕ ಇವುಗಳ ಮರಿಗಳನ್ನೂ ಕೊಲ್ಲುತ್ತದೆ. ಹೇಳಲೇಬೇಕಾದ ಮಾತು ಅದು.

ರಾತ್ರಿ ಗೋಡೆ ಮೇಲೆ ಅಂಗೈಗಿಂತ ದೊಡ್ಡ ಪತಂಗ ಕೂತಿದೆ. ಅಪಾಯವೇ?

ಅಪಾಯವಿಲ್ಲ. ಅಟ್ಲಾಸ್ ಪತಂಗ ಇರಬೇಕು. ರೆಕ್ಕೆ ಬಿಚ್ಚಿದರೆ ಒಂದು ಗೇಣು ಅಗಲ, ಮುಂದಿನ ರೆಕ್ಕೆಯ ತುದಿ ಹಾವಿನ ಹೆಡೆಯ ಹಾಗೆ. ಪ್ರಾಯಕ್ಕೆ ಬಂದ ಮೇಲೆ ಅದಕ್ಕೆ ತಿನ್ನಲು ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲಿ ಒಂದೆರಡು ವಾರ ಬದುಕಿ, ಜೋಡಿ ಹುಡುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಹೊರಗಿನ ದೀಪ ಆರಿಸಿ. ಇರುವ ಕೆಲವೇ ರಾತ್ರಿಗಳನ್ನು ಅದು ನಿಮ್ಮ ಬಲ್ಬಿನ ಸುತ್ತ ಕಳೆಯದಿರಲಿ.

ಕಪ್ಪೆಗಳ ಕಾಲ ಮುಗಿಯಿತೇ?

ಮಳೆಗಾಲದ ಆರಂಭದ ಗದ್ದಲ ಮುಗಿದಿರುತ್ತದೆ. ಕೆರೆ, ಹೊಂಡದ ಮೇಲೆ ಚಾಚಿದ ಎಲೆಗಳಲ್ಲಿ ಹಾರುವ ಕಪ್ಪೆಯ ನೊರೆಗೂಡುಗಳು ಕೊನೆಯ ಹಂತದಲ್ಲಿರುತ್ತವೆ. ಆದರೆ ಒಂದು ಆಟ ಈಗ ಶುರು. ತೋಡುಗಳ ರಭಸ ಇಳಿದು ಕಲ್ಲುಗಳು ಹೊರಬಂದಂತೆ ನರ್ತಿಸುವ ಕಪ್ಪೆಗಳು ಬಂದು ಕೂರುತ್ತವೆ. ಹೆಬ್ಬೆರಳ ಗಾತ್ರ, ಕಲ್ಲಿನದೇ ಬಣ್ಣ. ನೀರಿನ ಸದ್ದಿನಲ್ಲಿ ಕೂಗು ಕೇಳದ ಕಾರಣ ಗಂಡು ಹಿಂಗಾಲನ್ನು ನಿಧಾನ ಹಿಂದಕ್ಕೆ ಚಾಚಿ, ಬೆರಳ ನಡುವಿನ ಬಿಳಿಯ ಪೊರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. ಎದುರಾಳಿಗೆ ಅದು ಎಚ್ಚರಿಕೆ. ಈ ಕುಲ ಪಶ್ಚಿಮಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2014ರಲ್ಲಿ ಇದರ 14 ಹೊಸ ಜಾತಿಗಳನ್ನು ಒಂದೇ ಬಾರಿಗೆ ಗುರುತಿಸಿದರು. ನೋಡಬೇಕೆಂದರೆ ನೆರಳಿನ ತೋಡಿನ ಪಕ್ಕ ಅಲುಗಾಡದೆ ಅರ್ಧ ಗಂಟೆ ಕೂರಬೇಕು.

ಗೊಬ್ಬರದ ಗುಂಡಿ ಕೆದಕುವಾಗ, ತೋಟದ ಹಸಿ ಮಣ್ಣು ಅಗೆಯುವಾಗ ಎರೆಹುಳಕ್ಕಿಂತ ದಪ್ಪ, ಮೈಮೇಲೆ ಉಂಗುರ ಉಂಗುರ ಗೆರೆಯ ನುಣುಪಾದ ಜೀವಿ ಸಿಕ್ಕರೆ ಹಾವೆಂದು ಹೊಡೆಯಬೇಡಿ. ಅದು ಕಾಲಿಲ್ಲದ ಉಭಯಚರ, ಕಪ್ಪೆಯ ದೂರದ ನೆಂಟ. ವಿಷದ ಹಲ್ಲಿನ ಹಾವಲ್ಲ, ಕಚ್ಚಲು ಬರುವುದೂ ಇಲ್ಲ. ಇದರ ಒಂದು ಜಾತಿಗೆ ಕೊಡಗಿನ ಹೆಸರನ್ನೇ ಇಟ್ಟಿದ್ದಾರೆ: ಇಕ್ಥಿಯೋಫಿಸ್ ಕೊಡಗುಎನ್ಸಿಸ್.

ಮಿಂಚುಹುಳ?

ಈಗಲ್ಲ. ಮುಂಗಾರಿಗೆ ಮುಂಚೆ, ಮೇ–ಜೂನ್‌ನಲ್ಲಿ ಬನ್ನಿ.

ಕಾಡಿನ ಅಣಬೆ ಕಿತ್ತು ತಿನ್ನಬಹುದೇ?

ಇಲ್ಲಿನವರು ಕುಮ್ಮ್ ಎಂದು ಪ್ರೀತಿಯಿಂದ ತಿನ್ನುವುದು ನಿಜ. ಅದರಲ್ಲಿ ಹೆಚ್ಚಿನದು ಗೆದ್ದಲು ನೆಲದಡಿ ಬೆಳೆಸುವ ತೋಟದಿಂದ ಮೇಲೇಳುವ ಅಣಬೆ. ಆದರೆ ಗುರುತು ಬಲ್ಲ ಹಿರಿಯರು ಪಕ್ಕದಲ್ಲಿಲ್ಲದೆ ಒಂದನ್ನೂ ಬಾಯಿಗಿಡಬೇಡಿ. ಫೋಟೊ ನೋಡಿ, ಮೊಬೈಲ್ ಆ್ಯಪ್ ನೋಡಿ ತೀರ್ಮಾನಿಸುವ ವಿಷಯ ಇದಲ್ಲ.

ಇಂಬಳದ ಕಾಟಕ್ಕೆ ಏನು ಮಾಡುವುದು?

ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಹೊಗೆಸೊಪ್ಪಿನ ಪುಡಿ, ಸುಣ್ಣ ಸವರಿಕೊಳ್ಳುವುದು ಹಳೆಯ ರೂಢಿ, ಕೆಲಸ ಮಾಡುತ್ತದೆ. ಹತ್ತಿದ್ದರೆ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿ ಬಿಡಿಸಿ, ಬೆಂಕಿ ತಾಗಿಸಬೇಡಿ. ರಕ್ತ ಸ್ವಲ್ಪ ಹೊತ್ತು ನಿಲ್ಲದು, ಹೆಪ್ಪುಗಟ್ಟದಂತೆ ಮಾಡುವ ದ್ರವ ಅದರ ಜೊಲ್ಲಿನಲ್ಲಿದೆ. ತೊಳೆದು, ಒತ್ತಿ ಹಿಡಿದರೆ ಸಾಕು. ಹುಲ್ಲಿನಲ್ಲಿ ಉಪ್ಪು ಚೆಲ್ಲಿಕೊಂಡು ಹೋಗಬೇಡಿ, ಬಸವನಹುಳು, ಕಪ್ಪೆಮರಿಗಳಿಗೂ ಅದು ಸಾವು.

ತೋಟದಲ್ಲಿ ಆನೆ ಇರುತ್ತದಂತೆ, ಬೆಳಿಗ್ಗೆ ನಡೆಯಬಹುದೇ?

ಕೇಳಿಕೊಂಡೇ ನಡೆಯಬೇಕು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ ಕಡೆಯ ತೋಟಗಳಲ್ಲಿ ಆನೆ ವರ್ಷವಿಡೀ ಉಂಟು. ಈಗ ಹಲಸಿನ ಕಾಲ ಮುಗಿದು ಭತ್ತ ತೆನೆಯಾಗುವ ಸಮಯ ಹತ್ತಿರವಾದ್ದರಿಂದ ಗದ್ದೆ ಬದಿಗೂ ಬರುತ್ತದೆ. ಬೆಳಗಿನ ಜಾವ ಕೆಲಸಕ್ಕೆ ಹೊರಟ ತೋಟದ ಕಾರ್ಮಿಕರು ಒಂಟಿ ಸಲಗಕ್ಕೆ ಬಲಿಯಾದ ಊರುಗಳಿವು. ಹಾಗಾಗಿ ತೋಟದ ರೈಟರ್ (ಮೇಲ್ವಿಚಾರಕ) ಅಥವಾ ಲೈನ್ ಮನೆಗಳ ಕಾರ್ಮಿಕರನ್ನು ಕೇಳದೆ ಹೊರಡಬೇಡಿ. ‘ಇವತ್ತು ಬೇಡ’ ಎಂದರೆ ಅಲ್ಲಿಗೆ ಬಿಡಿ. ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಕಂಡರೆ ಹಿಂತಿರುಗಿ. ರಸ್ತೆಯಲ್ಲಿ ಎದುರಾದರೆ ಹಾರ್ನ್, ಫ್ಲ್ಯಾಶ್ ಎರಡೂ ಬೇಡ, ವಾಹನ ದೂರದಲ್ಲೇ ನಿಲ್ಲಿಸಿ ದಾರಿ ಬಿಡಿ. 2022ರಲ್ಲಿ ರಚನೆಯಾದ ಆನೆ ಕಾರ್ಯಪಡೆ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದೆ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಆನೆಯ ವಿಡಿಯೊ ಮಾಡಲು ಹತ್ತಿರ ಹೋಗುವವರಿಂದ ರೇಗಿದ ಆನೆ ಮಾರನೆಯ ದಿನ ಎದುರಾಗುವುದು ಕಾಫಿ ಗಿಡದ ಬುಡದಲ್ಲಿ ಕೆಲಸ ಮಾಡುವ ಹೆಂಗಸಿಗೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾವು?

ತರಗೆಲೆಯ ಬಣ್ಣಕ್ಕೇ ಇರುವ ಗುಳಿಮಂಡಲ ಹಾವುಗಳು ಕಾಫಿ ಗಿಡದ ಬುಡ, ಕಲ್ಲುಕಟ್ಟೆಗಳಲ್ಲಿ ಸುರುಳಿ ಸುತ್ತಿ ಕೂತಿರುತ್ತವೆ. ಕೈ ಹಾಕುವ ಮೊದಲು, ಕೂರುವ ಮೊದಲು ನೋಡಿ. ರಾತ್ರಿ ಟಾರ್ಚ್, ಬೂಟು ಕಡ್ಡಾಯ. ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು, ಗುಳಿಮಂಡಲಕ್ಕೆಂದು ಮಾಡಿದ್ದಲ್ಲ. ಯಾವುದೇ ಹಾವು ಕಚ್ಚಿದರೂ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದೇವರಕಾಡಿನೊಳಗೆ ಹೋಗಬಹುದೇ?

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪ, ಭಗವತಿಯ ಹೆಸರಲ್ಲಿ ಊರವರೇ ತಲೆತಲಾಂತರದಿಂದ ಉಳಿಸಿಕೊಂಡು ಬಂದ ತುಂಡುಗಾಡುಗಳು. ಸುತ್ತ ತೋಟವಾಗಿರುವ ಕಡೆ ಹಳೆಯ ಮರಗಳು, ಮಂಗಟ್ಟೆ ಹಕ್ಕಿಗೆ ಬೇಕಾದ ಪೊಟರೆಗಳು ಉಳಿದಿರುವುದು ಇಲ್ಲೇ. ಕಟ್ಟುಪಾಡು ಊರಿಂದೂರಿಗೆ ಬೇರೆ. ಕೆಲವು ಕಡೆ ಹಬ್ಬದ ದಿನ ಬಿಟ್ಟು ಯಾರೂ ಕಾಲಿಡುವುದಿಲ್ಲ. ಊರಿನ ತಕ್ಕರನ್ನು (ದೇವಸ್ಥಾನದ ಮುಖ್ಯಸ್ಥರನ್ನು) ಕೇಳಿ, ಒಪ್ಪಿದರೆ ಚಪ್ಪಲಿ ಬಿಟ್ಟು ಹೋಗಿ, ಒಪ್ಪದಿದ್ದರೆ ಹೊರಗಿನ ರಸ್ತೆಯಲ್ಲೇ ನಿಂತು ಹಕ್ಕಿ ನೋಡಿ. ಅಂಚಿನಿಂದಲೂ ಬೇಕಾದಷ್ಟು ಕಾಣುತ್ತದೆ.

ನೋಡಿದ್ದನ್ನು ಎಲ್ಲಿ ದಾಖಲಿಸಬೇಕು?

ಹಕ್ಕಿಗಳಿಗೆ ಇ-ಬರ್ಡ್, ಉಳಿದ ಎಲ್ಲಕ್ಕೂ ಐ-ನ್ಯಾಚುರಲಿಸ್ಟ್. ಎರಡೂ ಉಚಿತ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಸ್ಪಷ್ಟ ಫೋಟೊ, ತಾರೀಕು, ಜಾಗ ಇದ್ದರೆ ಬಲ್ಲವರು ಗುರುತಿಸಿಕೊಡುತ್ತಾರೆ. ಮೊದಲ ಸಿಪಿಲೆ ಕಂಡ ದಿನ, ಮೊದಲ ತೋಕ್ ಪೂ ಅರಳಿದ ದಿನ, ಚಿಟ್ಟೆಗಳು ಯಾವ ದಿಕ್ಕಿಗೆ ಹೋದವು ಎಂಬುದನ್ನು ಮನೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟರೂ ಅದು ಬೆಲೆಯುಳ್ಳ ದಾಖಲೆ. ತೋಟದಲ್ಲಿ ದಿನದ ಮಳೆ ಅಳೆದು ಪುಸ್ತಕದಲ್ಲಿ ಬರೆಯುವ ರೂಢಿ ಕೊಡಗಿನ ಎಷ್ಟೋ ಮನೆಗಳಲ್ಲಿದೆ. ಆ ಅಂಕಿಯ ಪಕ್ಕದಲ್ಲೇ ಒಂದು ಸಾಲು ಸೇರಿಸಿ. ಅಪರೂಪದ ಆರ್ಕಿಡ್, ಮಂಗಟ್ಟೆಯ ಪೊಟರೆ, ಹಾವಿನ ಜಾಗ ಇವುಗಳ ನಿಖರ ಸ್ಥಳವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಐ-ನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕಾಗಿಸುವ ಆಯ್ಕೆ ಇದೆ, ಅದನ್ನು ಒತ್ತಿ.